ಈರುಳ್ಳಿ ಕಾಕಾನ ಕಣ್ಣು

ನಾಸಿಕ್ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ನಾವಿದ್ದಾಗ ಲಾಸಲಗಾಂವ್ ಈರುಳ್ಳಿ ಮಾರುವ ಕಾಕಾ ಒಬ್ಬರು ಬರುತ್ತಿದ್ದರು. ದಿನವಿಡೀ ಬಿಸಿಲಲ್ಲಿ ಗಾಡಿ ತಳ್ಳುವವರು. ಒಮ್ಮೆ ಅವರು ತಕ್ಕಡಿ ಎತ್ತಿ ಹಿಡಿದಾಗ ನೋಡಿದೆ: ಎಡಗಣ್ಣಿನ ಕಪ್ಪು ಬಿಳುಪು ಕೂಡುವ ಅಂಚಿನಲ್ಲಿ ಬೆಂದ ಸಬ್ಬಕ್ಕಿ ಕಾಳು ಅಂಟಿಕೊಂಡ ಹಾಗಿತ್ತು. “ಧೂಳು ಬಿದ್ದಿರಬೇಕು” ಅಂದರು. ಮೂರು ತಿಂಗಳು ಕೂತಿರುವ ಧೂಳು ಎಲ್ಲಾದರೂ ಉಂಟೇ?

ಮಕ್ಕಳೇ, ಶಾಲೆಯಲ್ಲಿ ಈರುಳ್ಳಿಯ ತೆಳು ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೀರಾ? ಇಟ್ಟಿಗೆ ಜೋಡಿಸಿದಂತೆ ಜೀವಕೋಶಗಳು ಕಾಣುತ್ತವೆ. ನಮ್ಮ ಕಣ್ಣಿನ ಬಿಳಿಭಾಗದ ಮೇಲೂ ಅಂಥದೇ ಒಂದು ತೆಳು ಪದರವಿದೆ. ಅಲ್ಲಿ ಹಳೆಯ ಕೋಶ ಉದುರಿದಷ್ಟೇ ಹೊಸದು ಹುಟ್ಟುತ್ತದೆ.

ವರ್ಷಗಟ್ಟಲೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದು ಬಿದ್ದು ಕೆಲವು ಕೋಶಗಳಿಗೆ ಈ ಲೆಕ್ಕವೇ ತಪ್ಪಿಹೋಗುತ್ತದೆ. ಸುಮ್ಮನೆ ಹುಟ್ಟುತ್ತಲೇ ಹೋಗುತ್ತವೆ. ಅದೇ ಕ್ಯಾನ್ಸರ್. ಬಿಳಿ ಮುಖದ ಹಿಯರ್‌ಫೋರ್ಡ್ ಹಸುಗಳಿಗೂ ಇದು ಬರುತ್ತದೆ. ಕಾಡಿಗೆ ಹಚ್ಚಿದಂತೆ ಕಣ್ಣಿನ ಸುತ್ತ ಬಣ್ಣವಿರುವ ಹಸುಗಳಿಗೆ ಕಡಿಮೆ!

ಕತ್ತಲೆಯ ಅಡುಗೆಮನೆಗೆ ಬಾಗಿಲ ಸಂದಿನಿಂದ ಒಂದು ಗೆರೆ ಬಿಸಿಲು ಬಿದ್ದಾಗ, ಅದುವರೆಗೆ ಕಾಣದಿದ್ದ ಧೂಳೆಲ್ಲ ಕುಣಿಯುವುದನ್ನು ನೋಡಿದ್ದೀರಲ್ಲ? ಸ್ವೀಡನ್ನಿನ ಗುಲ್‌ಸ್ಟ್ರಾಂಡ್ 1911ರಲ್ಲಿ ತೋರಿಸಿಕೊಟ್ಟ ಸ್ಲಿಟ್ ಲ್ಯಾಂಪ್ ಮಾಡುವುದೂ ಇದನ್ನೇ. ಗದ್ದ ಊರಿ ಕುಳಿತರೆ ಸಾಕು, ಡಾಕ್ಟರು ಒಂದೆಳೆ ಬೆಳಕು ಬಿಟ್ಟು ಕಣ್ಣನ್ನು ಪದರ ಪದರವಾಗಿ ನೋಡುತ್ತಾರೆ. ಹೊಟ್ಟೆಯೊಳಗಿನ ಗಂಟಿಗೆ ಈ ಭಾಗ್ಯವಿಲ್ಲ ನೋಡಿ.

ಆಮೇಲೆ ಒಂದು ನೀಲಿ ಹನಿ, ಟೊಲುಯಿಡಿನ್ ಬ್ಲೂ. ಕೆಟ್ಟ ಕೋಶಗಳು ಅದನ್ನು ಗಾಢವಾಗಿ ಹೀರಿಕೊಳ್ಳುತ್ತವೆ. ಬಿಸಿಲಿಗೇ ಬೆಳೆಯುವ, ಆದರೆ ಕ್ಯಾನ್ಸರ್ ಅಲ್ಲದ ಇನ್ನೊಂದು ಮಾಂಸದ ಪೊರೆಯೂ ಉಂಟು. ಎರಡನ್ನೂ ಬೇರೆ ಮಾಡಿ ನೋಡಲು ಈ ಬಣ್ಣ ನೆರವಾಗುತ್ತದೆ.

ಕೆಲವರಿಗೆ ಹನಿ ಔಷಧಿಯೇ ಸಾಕು. ಪಾಯಸ ಮಾಡುವವರ ಕೈಗೆ ಸಕ್ಕರೆಯ ಬದಲು ಉಪ್ಪು ಕೊಟ್ಟರೆ? ಬಣ್ಣ ಅದೇ, ಪಾಯಸ ಮಾತ್ರ ಕೆಟ್ಟಿತು. ಫೈವ್ ಫ್ಲೋರೋಯುರಾಸಿಲ್ ಎಂಬ ಹನಿ ಹೀಗೆಯೇ ಕೋಶಕ್ಕೆ ಬೇಕಾದ ಸಾಮಗ್ರಿಯಂತೆ ವೇಷ ಹಾಕಿ ಒಳಹೊಕ್ಕು, ಮರಿ ಕೋಶ ಹುಟ್ಟದಂತೆ ಮಾಡುತ್ತದೆ.

ಕಾಕಾನಿಗೆ ಆಪರೇಷನ್ನೇ ಆಯಿತು. ಪಾರ್ಥೇನಿಯಂ ಕಳೆಯನ್ನು ಅಲುಗಿಸಿ ಕಿತ್ತರೆ ಬೀಜ ಉದುರುತ್ತದಲ್ಲವೇ? ಅದಕ್ಕೇ ಡಾಕ್ಟರು ಗಂಟನ್ನು ಮುಟ್ಟುವುದೇ ಇಲ್ಲ. ಸುತ್ತ ಸುಮಾರು 4 ಮಿಲಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ಕತ್ತರಿಸುತ್ತಾರೆ. ಉಳಿದ ಅಂಚನ್ನು ಅತಿ ತಣ್ಣನೆಯ ಕಡ್ಡಿಯಿಂದ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೆ ಹೆಪ್ಪುಗಟ್ಟಿಸುತ್ತಾರೆ. ತೆಗೆದ ಚೂರು ಲ್ಯಾಬಿಗೆ ಹೋಗುತ್ತದೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಅಲ್ಲಿ, ಸೂಕ್ಷ್ಮದರ್ಶಕದ ಕೆಳಗೆ.

ಕತ್ತರಿಸಿದ ಜಾಗಕ್ಕೆ ತೇಪೆ ಬೇಡವೇ? ಮಗು ಹೊಟ್ಟೆಯಲ್ಲಿದ್ದಾಗ ಅದನ್ನು ಸುತ್ತಿಕೊಂಡಿರುತ್ತದಲ್ಲ, ಆ ತೆಳು ಪೊರೆಯನ್ನು ಹೆರಿಗೆಯ ನಂತರ ತಾಯಂದಿರು ದಾನ ಕೊಡುತ್ತಾರೆ. ಅದರದೇ ಒಂದು ತುಂಡು ಕಾಕಾನ ಕಣ್ಣಿಗೆ ಬಂತು.

“ಯಾರ ಮಗುವಿನದು?” ಅಂತ ಕಾಕಾ ಕೇಳಿದರಂತೆ. ಡಾಕ್ಟರಿಗೂ ಗೊತ್ತಿರಲಿಲ್ಲ.