ಮೊದಲ ದಿನದ ಸುದ್ದಿ

(ದಾಂಡೇಲಿಯಲ್ಲಿ ಪತ್ರಿಕಾ ದಿನಾಚರಣೆಯ ಅಂಗವಾಗಿ ನಮ್ಮ ವರದಿಗಾರರು ಮಾಡಿದ ಭಾಷಣದ ಲಿಖಿತ ರೂಪ)



1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂದಿತು. ಆ ನೆಪದಲ್ಲಿ ಪ್ರತಿವರ್ಷ ನಾವು ಪತ್ರಕರ್ತರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಳ್ಳುತ್ತೇವೆ. ಇಂದು ಹೊಗಳಿಕೆಯ ಮಾತು ಬಿಟ್ಟು, ನಮ್ಮದೇ ಜಿಲ್ಲೆಯ ಒಂದು ವಾರದ ಕಥೆ ಹೇಳಬೇಕೆಂದಿದ್ದೇನೆ.

2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ ನಡೆಯಿತು. ಅಂದು ಕಾಣೆಯಾದ ಯುವಕನೊಬ್ಬನ ಶವ 8ರಂದು ಶೆಟ್ಟಿಕೆರೆಯಲ್ಲಿ ತೇಲಿತು. ಶವದ ಫೋಟೋ ಊರೂರಿನ ಮೊಬೈಲುಗಳಿಗೆ ಹೋಯಿತು. ಅದರ ಕೆಳಗೆ ಬರಹ: ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ, ಕಾದ ಎಣ್ಣೆ ಸುರಿದಿದ್ದಾರೆ, ಅಂಗ ಕತ್ತರಿಸಿದ್ದಾರೆ. ಫೋಟೋದಲ್ಲಿ ಮುಖ ಕಪ್ಪಗಾಗಿತ್ತು, ಊದಿಕೊಂಡಿತ್ತು. ನೋಡಿದವರು ನಂಬಿದರು.

ನೀರಿನಲ್ಲಿ ಎರಡು ದಿನ ಇದ್ದ ಹೆಣ ಹಾಗೆಯೇ ಇರುತ್ತದೆ. ಕೊಳೆಯತೊಡಗಿದ ದೇಹ ಉಬ್ಬುತ್ತದೆ, ಚರ್ಮ ಸುಲಿಯುತ್ತದೆ, ಬಣ್ಣ ಕಪ್ಪಾಗುತ್ತದೆ. ನಮ್ಮ ಕಾಳಿ ನದಿಯಿಂದ ಹೆಣ ಎತ್ತುವವರನ್ನು ಕೇಳಿದರೆ ಎರಡು ಮಾತಿನಲ್ಲಿ ಹೇಳುತ್ತಾರೆ. ಆ ವಾರ ಅವರನ್ನು ಯಾರೂ ಕೇಳಲಿಲ್ಲ.

ಪೊಲೀಸರು ವೈದ್ಯರಿಗೆ ಲಿಖಿತ ಪ್ರಶ್ನೆಗಳನ್ನು ಕೊಟ್ಟು, ಉತ್ತರಗಳನ್ನು ಪ್ರಕಟಿಸಿದರು. ಆಯುಧದ ಗಾಯವಿಲ್ಲ, ಅಂಗಚ್ಛೇದವಿಲ್ಲ, ಎಣ್ಣೆಯ ಮಾತು ಸುಳ್ಳು ಎಂದಿತ್ತು ಅದರಲ್ಲಿ. ಆದರೆ ಡಿಸೆಂಬರ್ 11ರಂದು ಕುಮಟಾದಲ್ಲಿ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು. ಮರುದಿನ ಶಿರಸಿಯಲ್ಲಿ ಕಲ್ಲು ತೂರಾಟ, ಅಶ್ರುವಾಯು. ವಿಧಾನಸಭೆಯ ಚುನಾವಣೆಗೆ ಉಳಿದದ್ದು ಐದೇ ತಿಂಗಳು. ವೇದಿಕೆಗಳ ಮೇಲೆ ಎಂಥ ಭಾಷಣಗಳಾದವು ಎಂಬುದನ್ನು ಇಲ್ಲಿರುವ ಹಿರಿಯರಿಗೆ ನೆನಪಿಸಬೇಕಾಗಿಲ್ಲ. ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟಿತು: ಇದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಆದ ಸಾವು. ಹೆಚ್ಚುಕಡಿಮೆ ಐದು ವರ್ಷ. ಒಂದು ಮನೆ ಮಗನನ್ನು ಕಳೆದುಕೊಂಡಿತ್ತು. ಬೇರೆ ಕೆಲವು ಮನೆಗಳ ಮೇಲೆ ಕೊಲೆಗಾರರೆಂಬ ಹೆಸರು ಅಷ್ಟೂ ಕಾಲ ಕೂತಿತ್ತು.

ಇದೆಲ್ಲ ಮೊಬೈಲಿನ ಕಾಲದ ರೋಗ ಎಂದುಕೊಳ್ಳುವವರಿಗೆ ಇನ್ನೊಂದು ಹೆಣದ ಕಥೆ. 1678ರ ಲಂಡನ್. ದೊರೆ ಎರಡನೇ ಚಾರ್ಲ್ಸ್‌ನನ್ನು ಕೊಲ್ಲಲು ಕ್ಯಾಥೊಲಿಕರು ಸಂಚು ಹೂಡಿದ್ದಾರೆ ಎಂದು ಟೈಟಸ್ ಓಟ್ಸ್ ಎಂಬಾತ ಸುಳ್ಳು ಕಟ್ಟಿದ. ಅವನ ಹೇಳಿಕೆ ದಾಖಲಿಸಿಕೊಂಡ ಮ್ಯಾಜಿಸ್ಟ್ರೇಟ್ ಎಡ್ಮಂಡ್ ಬೆರಿ ಗಾಡ್‌ಫ್ರಿ ಅಕ್ಟೋಬರ್ 12ರಂದು ಕಾಣೆಯಾದ. ಐದು ದಿನದ ಮೇಲೆ ಪ್ರಿಮ್‌ರೋಸ್ ಗುಡ್ಡದ ಹಳ್ಳವೊಂದರಲ್ಲಿ ಶವ ಸಿಕ್ಕಿತು. ಮೈಯಲ್ಲಿ ಅವನದೇ ಕತ್ತಿ, ಕತ್ತಿನ ಸುತ್ತ ಗುರುತು. ಆಗ ಸರ್ಕಾರದ ಗೆಜೆಟ್ ಬಿಟ್ಟರೆ ಪರವಾನಗಿ ಪಡೆದ ಪತ್ರಿಕೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಸುದ್ದಿ ಹರಡಿದ್ದು ಕಾಫಿ ಅಂಗಡಿಗಳಲ್ಲಿ, ಕರಪತ್ರಗಳಲ್ಲಿ. ಗಾಡ್‌ಫ್ರಿಯ ಹೆಸರು ಕೆತ್ತಿದ ಚೂರಿಗಳು ಬೀದಿಯಲ್ಲಿ ಮಾರಾಟವಾದವು. ಮರುವರ್ಷ ಮೂವರನ್ನು ಈ ಕೊಲೆಗಾಗಿ ಗಲ್ಲಿಗೇರಿಸಿದರು. ಸಂಚಿನ ಹೆಸರಿನಲ್ಲಿ ಹನ್ನೆರಡಕ್ಕೂ ಹೆಚ್ಚು ನಿರಪರಾಧಿಗಳು ಸತ್ತರು. 1685ರಲ್ಲಿ ಓಟ್ಸ್ ಸುಳ್ಳುಸಾಕ್ಷಿಯ ಅಪರಾಧಿ ಎಂದು ತೀರ್ಪಾಯಿತು. ಗಾಡ್‌ಫ್ರಿ ಹೇಗೆ ಸತ್ತ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಇನ್ನು ನಮ್ಮ ಕಸುಬಿನ ಮಾತಿಗೆ ಬರುತ್ತೇನೆ. ಕನ್ನಡ ಪತ್ರಿಕೆಗಳಲ್ಲಿ ಒಂದು ಕ್ರಿಯಾಪದವಿದೆ: 'ಎನ್ನಲಾಗಿದೆ'. ಯಾರು ಅಂದರು? ಗೊತ್ತಿಲ್ಲ. ಯಾರಿಗೆ ಅಂದರು? ಅದೂ ಇಲ್ಲ. 'ಹತ್ಯೆ ಮಾಡಲಾಗಿದೆ ಎನ್ನಲಾಗಿದೆ' ಎಂದು ಬರೆದ ವರದಿಗಾರ ತಾನು ಎಚ್ಚರಿಕೆಯಿಂದ ಬರೆದೆ ಎಂದು ನೆಮ್ಮದಿಯಾಗಿ ಮಲಗುತ್ತಾನೆ. ಓದುವವನ ಕಣ್ಣಿಗೆ ಬೀಳುವುದು ಹತ್ಯೆ ಎಂಬ ಪದ ಮಾತ್ರ. ಡಿಪ್ಲೊಮಾ ತರಗತಿಯಲ್ಲಿ ಈ ಪದವನ್ನು ರಕ್ಷಾಕವಚವೆಂದೇ ನಾನು ಕಲಿತೆ. ರಕ್ಷಣೆ ಬರೆದವನಿಗೆ, ಬರೆಸಿಕೊಂಡವನಿಗಲ್ಲ ಎಂದು ಯಾರೂ ಹೇಳಿರಲಿಲ್ಲ.

ಇನ್ನೊಂದು ಪದ 'ಅನ್ಯಕೋಮಿನ'. ಗಲಭೆಯ ವರದಿಯಲ್ಲಿ ಧರ್ಮದ ಹೆಸರು ಹೇಳಬಾರದು ಎಂಬುದು ಹಳೆಯ ಒಳ್ಳೆಯ ಸಂಪ್ರದಾಯ. ಉರಿಯುವ ಬೆಂಕಿಗೆ ಎಣ್ಣೆ ಬೀಳದಿರಲಿ ಎಂದು ಹಿರಿಯ ಸಂಪಾದಕರು ಮಾಡಿದ್ದು. ಆದರೆ 'ಅನ್ಯ' ಎಂದರೆ ಯಾರಿಗೆ ಅನ್ಯ? ಆ ಪದ ಬರೆದ ಕೂಡಲೇ ಪತ್ರಿಕೆ ಒಂದು ಕಡೆಯಲ್ಲಿ ಹೋಗಿ ನಿಂತಂತಾಗುತ್ತದೆ. 'ಎರಡು ಗುಂಪುಗಳು' ಎಂದು ಬರೆದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಹಿರಿಯರಲ್ಲಿ ಕೆಲವರು ಒಪ್ಪದಿರಬಹುದು.

ಹಾಗಾದರೆ ಸುಮ್ಮನಿರುವುದೇ ಮದ್ದೇ? ಅದೂ ಅಲ್ಲ. 2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ನೃತ್ಯ ತರಗತಿಗೆ ನುಗ್ಗಿದವನೊಬ್ಬ ಮೂವರು ಹುಡುಗಿಯರನ್ನು ಕೊಂದ. ಆರೋಪಿಗೆ 17 ವರ್ಷ. ಹೆಸರು ಹೊರಗೆ ಬರಲಿಲ್ಲ. ಆ ಖಾಲಿ ಜಾಗದಲ್ಲಿ ಯಾರೋ ಒಂದು ಮುಸ್ಲಿಂ ಹೆಸರನ್ನು ಕಟ್ಟಿ, ದೋಣಿಯಲ್ಲಿ ಬಂದ ವಲಸಿಗನೆಂದು ಹಬ್ಬಿಸಿದರು. ಮರುದಿನ ಸಂಜೆ ಅಲ್ಲಿನ ಮಸೀದಿಯ ಮೇಲೆ ಕಲ್ಲು ಬಿತ್ತು. ಆಗಸ್ಟ್ 1ರಂದು ನ್ಯಾಯಾಧೀಶರು ಹೆಸರು ಪ್ರಕಟಿಸಲು ಅನುಮತಿ ಕೊಟ್ಟರು. ಆ ಹುಡುಗ ಬ್ರಿಟನ್ನಿನ ಕಾರ್ಡಿಫ್‌ನಲ್ಲೇ ಹುಟ್ಟಿದವನು. ಅಷ್ಟಾದ ಮೇಲೂ ಗಲಭೆ ಊರಿಂದೂರಿಗೆ ಹಬ್ಬಿತು. ವಲಸಿಗರಿದ್ದ ಹೋಟೆಲುಗಳ ಮೇಲೂ ದಾಳಿಯಾಯಿತು.

ನಾವು ಬರೆಯಬೇಕು, ಬೇಗ ಬರೆಯಬೇಕು, ಗೊತ್ತಿರುವಷ್ಟನ್ನೇ ಬರೆಯಬೇಕು. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕು. ಹತ್ತಿದವನು ಸುದ್ದಿ ಹಿಡಿದು ಕೆಳಗಿಳಿದರೆ ಊರಿಗೆಲ್ಲ ಅವನೇ ಪತ್ರಿಕೆ. ಅವನ ಬಾಯಿಗೆ ನಾವು ಯಾವ ವಾಕ್ಯ ಕೊಟ್ಟಿದ್ದೇವೆ ಎಂಬುದೇ ಪ್ರಶ್ನೆ.

ಕಳೆದ ಮಳೆಗಾಲದಲ್ಲಿ ನದಿದಂಡೆಯಲ್ಲಿ ಅಪರಿಚಿತ ಶವ ಸಿಕ್ಕಿತು. ನಾನು ನಾಲ್ಕೇ ಸಾಲು ಕೊಟ್ಟೆ: ಎಲ್ಲಿ, ಯಾವಾಗ, ಸುಮಾರು ವಯಸ್ಸು, ಪೊಲೀಸರು ಪ್ರಕರಣ ದಾಖಲಿಸಿದ್ದಾರೆ. ಬೆಳಿಗ್ಗೆ ಏಳಕ್ಕೇ ಓದುಗರೊಬ್ಬರ ಫೋನು. "ಏನ್ ತಮ್ಮಾ, ನಿಮ್ಮ ಪೇಪರಿನಾಗ ಏನೂ ಇಲ್ಲಲ್ಲ. ವಾಟ್ಸ್‌ಆ್ಯಪಿನಾಗ ಎಲ್ಲಾ ಬಂದೈತಿ, ಕೊಂದವರ ಹೆಸರ ಸೈತ." ಮರಣೋತ್ತರ ಪರೀಕ್ಷೆಯ ವರದಿ ಬರಲಿ ಅಜ್ಜಾ, ಬರೆಯುತ್ತೇನೆ ಎಂದೆ. "ಅಲ್ಲೀತನಕ ಯಾರ ಕಾಯತಾರಪಾ" ಎಂದು ನಕ್ಕು ಫೋನಿಟ್ಟರು. ವರದಿ ಒಂಬತ್ತು ದಿನಕ್ಕೆ ಬಂತು. ಕುಡಿದು ನೀರಿಗಿಳಿದು ಮುಳುಗಿದ್ದ. ಅದನ್ನೂ ನಾಲ್ಕೇ ಸಾಲು ಬರೆದೆ. ಅಂದು ಯಾರ ಫೋನೂ ಬರಲಿಲ್ಲ.