‘ನಾನೂ ಇಲ್ಲಿಗೆ ಹೊಸಬ’



ಇಂಗ್ಲಿಷಿನ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ವ್ಯಾಕರಣವನ್ನು ಇಲ್ಲಿಯ ಮೇಷ್ಟ್ರುಗಳು ನನಗಿಂತ ಚೆನ್ನಾಗಿ ಕಲಿಸುತ್ತಾರೆ. ಹಾಗಾಗಿ ನಾನು ಒಂದೇ ವಿಷಯ ಆರಿಸಿಕೊಂಡಿದ್ದೇನೆ. ಗುರುತು ಪರಿಚಯ ಇಲ್ಲದವರು ಎದುರಾದಾಗ ಇಂಗ್ಲಿಷ್ ಜನ ಅದನ್ನು ಹೇಗೆ ಹೇಳುತ್ತಾರೆ? ಇಲ್ಲಿಂದ ಹೊರಗೆ ಹೋಗುವ ನಿಮಗೆ ಮೊದಲ ದಿನವೇ ಬೇಕಾಗುವ ಮಾತು ಇದು. ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದಾಗ ನಾನು ಕಿವಿಗೊಟ್ಟು ಕೇಳಿದ್ದು ಇಂಥ ಸಣ್ಣ ಮಾತುಗಳನ್ನೇ.

ನಿಘಂಟಿನಲ್ಲಿ ‘ಅಪರಿಚಿತ’ ಎಂಬುದಕ್ಕೆ ‘ಸ್ಟ್ರೇಂಜರ್’ ಎಂದಿದೆ. ಲ್ಯಾಟಿನ್ನಿನಲ್ಲಿ ‘ಹೊರಗಿನ’ ಎಂಬ ಅರ್ಥವಿದ್ದ ಪದ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೀಗೆ ಬಂತು. ‘ಫಾರಿನ್’ ಎಂಬುದರ ಮೂಲವೂ ಲ್ಯಾಟಿನ್ನೇ. ಅಲ್ಲಿ ಅದಕ್ಕೆ ಬಾಗಿಲಿನಾಚೆ ಎಂದರ್ಥ. ಆದ್ದರಿಂದ ಎದುರಿಗಿರುವವರಿಗೆ ‘ಯೂ ಆರ್ ಎ ಸ್ಟ್ರೇಂಜರ್’ ಎಂದರೆ ಬಾಗಿಲು ಹಾಕಿದ ಹಾಗೆ. ಮರ್ಯಾದಸ್ಥರು ಹಾಗೆ ಹೇಳುವುದಿಲ್ಲ.

ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದು ಬೇರೆ. ದಾರಿ ಕೇಳಿದರೆ ಹಳೆಯ ಕಾಲದವರು ‘ಐ ಆ್ಯಮ್ ಎ ಸ್ಟ್ರೇಂಜರ್ ಹಿಯರ್ ಮೈಸೆಲ್ಫ್’ ಎನ್ನುತ್ತಿದ್ದರು. ಕೊನೆಯ ‘ಮೈಸೆಲ್ಫ್’ ಗಮನಿಸಿ. ನಾವು ಪರಿಚಯ ಹೇಳಿಕೊಳ್ಳುವಾಗ ಹೆಸರಿನ ಮುಂದೆ ಇಡುವ ಆ ಪದ, ಅಲ್ಲಿ ಕೊನೆಗೆ ಬಂದು ನಮ್ಮ ‘ನಾನೂ’ ಎಂಬುದರ ಊಕಾರದ ಕೆಲಸ ಮಾಡುತ್ತದೆ. ನಾನೂ ನಿಮ್ಮ ಹಾಗೇ ಹೊಸಬ ಅಂತ. ದಾರಿ ಗೊತ್ತಾಗದಿದ್ದರೂ ಕೇಳಿದವರಿಗೆ ಜೊತೆ ಸಿಕ್ಕ ಹಾಗಾಗುತ್ತದೆ. ಈಗಿನವರು ‘ಸಾರಿ, ಐ ಆ್ಯಮ್ ನಾಟ್ ಫ್ರಮ್ ಅರೌಂಡ್ ಹಿಯರ್’ ಎನ್ನುತ್ತಾರೆ.

ಸಭೆಯಲ್ಲಿ ಯಾರದೋ ಮುಖ ಹೊಸದು ಎನಿಸಿದರೆ ‘ಹೂ ಆರ್ ಯೂ?’ ಎಂದು ಕೇಳುವುದು ಒರಟು. ‘ಐ ಡೋಂಟ್ ಥಿಂಕ್ ವೀ ಹ್ಯಾವ್ ಮೆಟ್’ ಎಂದು ಹೇಳಿ ತಮ್ಮ ಹೆಸರು ಹೇಳುತ್ತಾರೆ. ಇನ್ನೂ ಭೇಟಿಯಾಗಿಲ್ಲದಿರುವುದು ಇಬ್ಬರಿಗೂ ಸೇರಿದ ವಿಷಯವಾಗುತ್ತದೆ. ನಮ್ಮ ಊರಿನ ಹಿರಿಯರು ‘ತಮ್ಮ ಗುರುತು ಸಿಗಲಿಲ್ಲವಲ್ಲ’ ಎನ್ನುವಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮರೆವನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. ಬಹಳ ದಿನ ಕಾಣದ ಸ್ನೇಹಿತರನ್ನು ಇಂಗ್ಲಿಷಿನವರು ‘ಹಲೋ, ಸ್ಟ್ರೇಂಜರ್!’ ಎಂದು ರೇಗಿಸುವುದೂ ಉಂಟು. ನಮ್ಮ ‘ಏನಪ್ಪಾ, ಅಪರೂಪ!’ ಎಂಬುದೇ ಅದು.

ಮಕ್ಕಳೇ, ನಿಮಗೆ ನನ್ನ ಸಲಹೆ ಇಷ್ಟೇ. ಕಾಲೇಜಿಗೋ ಕೆಲಸಕ್ಕೋ ಹೋದ ಮೊದಲ ದಿನ ‘ಐ ಆ್ಯಮ್ ನ್ಯೂ ಹಿಯರ್’ ಎಂದು ಧೈರ್ಯವಾಗಿ ಹೇಳಿ. ಮೂಲೆ ಸೇರಿ ಸುಮ್ಮನಿದ್ದರೆ ಯಾರಿಗೂ ನಿಮ್ಮ ಕಷ್ಟ ತಿಳಿಯುವುದಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹದಿನೈದು ವರ್ಷ ಅನುಭವ ಇದ್ದವರೂ ಹೊಸ ತಂಡಕ್ಕೆ ಬಂದಾಗ ಹೀಗೆ ಹೇಳಿಯೇ ಪ್ರಶ್ನೆ ಕೇಳುತ್ತಾರೆ.

ಆದರೆ ಇದೇ ಮಾತನ್ನು ಇನ್ನೊಬ್ಬರ ಮೇಲೆ ಹೊರಿಸಿದರೆ ನೋವಾಗುತ್ತದೆ. ‘ವೇರ್ ಆರ್ ಯೂ ಫ್ರಮ್?’ ಎಂದು ಒಂದು ಸಲ ಕೇಳಿದರೆ ಅದು ಪರಿಚಯ. ಉತ್ತರ ಹೇಳಿದ ಮೇಲೂ ‘ವೇರ್ ಆರ್ ಯೂ ರಿಯಲಿ ಫ್ರಮ್?’ ಎಂದರೆ ನಿನ್ನ ಉತ್ತರವನ್ನು ನಾನು ಒಪ್ಪುವುದಿಲ್ಲ, ನೀನು ಇಲ್ಲಿಯವಳಲ್ಲ ಎಂದ ಹಾಗೆ. 2022ರ ನವೆಂಬರ್‌ನಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಒಂದು ಸತ್ಕಾರಕೂಟದಲ್ಲಿ ಹೀಗೇ ಆಯಿತು. ಬ್ರಿಟನ್ನಿನಲ್ಲೇ ಹುಟ್ಟಿದ ಕಪ್ಪು ವರ್ಣದ ಎನ್ಗೋಜಿ ಫುಲಾನಿ ಎಂಬ ಸಮಾಜಸೇವಕಿಯನ್ನು ರಾಣಿಯ ಬಳಿ ದಶಕಗಳ ಕಾಲ ಇದ್ದ ಲೇಡಿ ಸೂಸನ್ ಹಸ್ಸಿ ಅವರು ಎಲ್ಲಿಯವಳು, ನಿಜವಾಗಿ ಎಲ್ಲಿಯವಳು ಎಂದು ಮತ್ತೆ ಮತ್ತೆ ಕೇಳಿದರು. ವಿಷಯ ಹೊರಬಂದಾಗ ಹಸ್ಸಿಯವರು ಕ್ಷಮೆ ಕೇಳಿ ಅರಮನೆಯ ಹೊಣೆ ಬಿಟ್ಟರು. ಮುಂದಿನ ತಿಂಗಳು ಇಬ್ಬರೂ ಭೇಟಿಯಾದರು; ಫುಲಾನಿಯವರು ಕ್ಷಮೆಯನ್ನು ಒಪ್ಪಿಕೊಂಡರು.

ಇದು ಬಿಳಿಯರ ನಾಡಿನ ಕಥೆ ಎಂದು ನಾವು ನಗುವಂತಿಲ್ಲ. ನಮ್ಮಲ್ಲೂ ‘ಯಾವ ಊರಾಯ್ತು?’ ಎಂದು ಕೇಳಿ ನೀರು ಕೊಡುವವರಿದ್ದಾರೆ. ಅದರ ಬೆನ್ನಿಗೇ ‘ಯಾವ ಜನ?’ ಎಂದು ಕೇಳಿ ಲೋಟ ಬದಲಿಸುವವರೂ ಇದ್ದಾರೆ. ಆ ಎರಡನೆಯ ಪ್ರಶ್ನೆಯೇ ನಮ್ಮ ‘ರಿಯಲಿ’. ಇಂದು ಬಿಹಾರ, ಅಸ್ಸಾಂ, ಒಡಿಶಾಗಳಿಂದ ದುಡಿಯಲು ಬಂದ ಕುಟುಂಬಗಳು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿವೆ. ಅವರ ಮಕ್ಕಳು ನಮ್ಮಂಥ ಸರ್ಕಾರಿ ಶಾಲೆಗಳಿಗೇ ಬಂದು ‘ಅ ಆ ಇ ಈ’ ತಿದ್ದುತ್ತಾರೆ. ಅಂಥ ಮಗುವಿಗೆ ‘ನೀನು ಹೊರಗಿನವನು’ ಎಂದು ನೆನಪಿಸುವವರು ಬೇಕಾಗಿಲ್ಲ, ಅದಕ್ಕೆ ಅದು ಗೊತ್ತೇ ಇರುತ್ತದೆ. ಅದರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಳೆ ನೀವು ಪರವೂರಿಗೆ ಹೋದಾಗ ನಿಮಗೆ ಬೇಕಾಗುವುದೂ ಇಷ್ಟೇ.

ಕೊನೆಯದಾಗಿ ನನ್ನ ಹಳೆಯ ಗೆಳೆಯರಿಗೆ ಒಂದು ಮಾತು. ಬೀಳ್ಕೊಡುವಾಗ ಇಂಗ್ಲಿಷಿನಲ್ಲಿ ‘ಡೋಂಟ್ ಬಿ ಎ ಸ್ಟ್ರೇಂಜರ್’ ಎನ್ನುತ್ತಾರೆ. ಅಂದರೆ ಅಪರೂಪ ಆಗಬೇಡಿ, ಬರ್ತಾ ಇರಿ. ಐವತ್ತು ತುಂಬಿದ ನಮ್ಮ ಶಾಲೆಯ ಪರವಾಗಿ ನಾನೂ ನಿಮಗೆ ಅದನ್ನೇ ಹೇಳುತ್ತೇನೆ.