ಹಳೆಯ ಮನೆಯ ಗಾರೆ ಗೋಡೆಗೆ ಟಿವಿ

ಮೈಸೂರಿನ ಅಗ್ರಹಾರ, ಬೆಂಗಳೂರಿನ ಬಸವನಗುಡಿ, ಧಾರವಾಡದ ಮಾಳಮಡ್ಡಿ, ಹೀಗೆ ಹಳೆಯ ಮನೆಗಳಿರುವ ಕಡೆಯಿಂದ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ. ‘ನಮ್ಮದು ಅಜ್ಜನ ಕಾಲದ ಮನೆ. ಹದಿನೆಂಟು ಇಂಚಿನ ಗೋಡೆ, ಮೇಲೆ ದಪ್ಪ ಗಾರೆ. ದೊಡ್ಡ ಟಿವಿ ತೂಗುಹಾಕಿದರೆ ಗೋಡೆ ತಡೆದೀತೇ?’

ಗೋಡೆ ತಡೆಯುತ್ತದೆ. ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ಮದ್ರಾಸ್ ತಾರಸಿಯ ಇಡೀ ಭಾರ ಹೊತ್ತು ನಿಂತ ಗೋಡೆಗೆ 55 ಇಂಚಿನ ಟಿವಿಯ ಸುಮಾರು 15 ಕಿಲೋ ಯಾವ ಲೆಕ್ಕ? ನೀವು ಕೇಳಬೇಕಾದದ್ದು ಟಿವಿಯ ಬ್ರಾಕೆಟ್ಟನ್ನು ಹಿಡಿದಿಡುವ ನಾಲ್ಕು ಪ್ಲಗ್ಗುಗಳ ವಿಚಾರ. ಅವು ಕೂತಿರುವುದು ಇಟ್ಟಿಗೆಯಲ್ಲೋ, ಗಾರೆಯಲ್ಲೋ?

ಸ್ಕ್ರೂ ಒಳಗೆ ಹೋದಂತೆ ಪ್ಲಗ್ಗು ಹಿಗ್ಗಿ ತೂತಿನ ಬದಿಗಳನ್ನು ಒತ್ತುತ್ತದೆ. ಆ ಒತ್ತಿನಿಂದಲೇ ಹಿಡಿತ. 1911ರ ಸುಮಾರಿಗೆ ಬ್ರಿಟಿಷ್ ಮ್ಯೂಸಿಯಂನ ಗೋಡೆ ಕೆಡದಂತೆ ವಿದ್ಯುತ್ ಸಲಕರಣೆ ಕೂರಿಸಲೆಂದು ಜಾನ್ ರಾಲಿಂಗ್ಸ್ ಮಾಡಿದ ನಾರಿನ ಪ್ಲಗ್ಗಿಗೂ, 1958ರಲ್ಲಿ ಜರ್ಮನಿಯ ಆರ್ತುರ್ ಫಿಷರ್ ಮಾಡಿದ ಪ್ಲಾಸ್ಟಿಕ್ ಪ್ಲಗ್ಗಿಗೂ ಇದೇ ಆಧಾರ. ಒತ್ತಿದಾಗ ಬಗ್ಗದ ಗಟ್ಟಿ ವಸ್ತು ಸುತ್ತಲೂ ಇರಬೇಕು. ಬೆಲ್ಲ, ಅಳಲೆಕಾಯಿ ಹಾಕಿ ಅರೆದ ಸುಣ್ಣದ ಗಾರೆ ಮೇಲೆ ಎಷ್ಟು ನುಣುಪಾಗಿದ್ದರೂ ಒಳಗಿನಿಂದ ಒತ್ತಿದರೆ ಪುಡಿಯಾಗುತ್ತದೆ. ಗಾರೆಯೇ ಒಂದೂವರೆ ಇಂಚು, ಟಿವಿ ಕೂರಿಸಲು ಬಂದ ಹುಡುಗ ತಂದ ಸ್ಕ್ರೂ ಎರಡು ಇಂಚು. ಇಟ್ಟಿಗೆಗೆ ಸಿಕ್ಕಿದ್ದು ಅರ್ಧ ಇಂಚು!

ಇನ್ನು ಈಚೆಗೆ ಎಲ್ಲರೂ ಕೇಳುವ, ಟಿವಿಯನ್ನು ಮುಂದಕ್ಕೆಳೆದು ಅತ್ತಿತ್ತ ತಿರುಗಿಸುವ ತೋಳಿನ ಬ್ರಾಕೆಟ್. ಇದರ ಬಗ್ಗೆ ಎರಡು ಮಾತು ಹೆಚ್ಚೇ ಆಡುತ್ತೇನೆ. ಟಿವಿ ಗೋಡೆಗೆ ಅಂಟಿದಂತಿದ್ದರೆ ಅದರ ಭಾರ ಸ್ಕ್ರೂಗಳನ್ನು ಕೆಳಕ್ಕೆ ಜಗ್ಗುತ್ತದೆ, ಅಷ್ಟೆ. ಮುಂದಕ್ಕೆ ಬಂದಷ್ಟೂ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಕೀಳುತ್ತದೆ. ಹಾರೆ ಹಾಕಿ ಕಲ್ಲು ಮೀಟುತ್ತೀರಲ್ಲ, ಅದೇ ಕೆಲಸ. ಲೆಕ್ಕ ನೋಡಿ: ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ 8 ಇಂಚು ಅಂತರ, 15 ಕಿಲೋ ಟಿವಿ. ಗೋಡೆಯಿಂದ 2 ಇಂಚು ದೂರದಲ್ಲಿದ್ದರೆ ಮೇಲಿನ ಸಾಲನ್ನು ಹೊರಕ್ಕೆಳೆಯುವ ಬಲ ನಾಲ್ಕು ಕಿಲೋದಷ್ಟು. ತೋಳು ಚಾಚಿ 20 ಇಂಚು ಮುಂದೆ ಬಂದರೆ ಮೂವತ್ತೇಳೂವರೆ ಕಿಲೋ. ಟಿವಿ ಅದೇ, ಗೋಡೆ ಅದೇ. ತೋಳಿನ ಸ್ವಂತ ತೂಕ ನಾನು ಸೇರಿಸಿಲ್ಲ, ಮೊಮ್ಮಗ ಜೋತುಬೀಳುವುದನ್ನೂ ಸೇರಿಸಿಲ್ಲ. ಮತ್ತೊಮ್ಮೆ ಹೇಳುತ್ತೇನೆ: ಕೆಳಕ್ಕೆ ಜಗ್ಗುವುದಕ್ಕೆ ಹೆದರಬೇಡಿ, ಹೊರಕ್ಕೆ ಕೀಳುವುದಕ್ಕೆ ಹೆದರಿ. ಗಾರೆ ಗೋಡೆಗೆ ತೋಳಿನ ಬ್ರಾಕೆಟ್ ಬೇಡ.

‘ಕಬ್ಬಿಣದ ಆಂಕರ್ ಬೋಲ್ಟ್ ಹೊಡೆದರಾಯ್ತು’ ಎನ್ನುವವರಿದ್ದಾರೆ. ಅದು ಕಾಂಕ್ರೀಟಿಗೆ. ಹಳೆಯ ಮೆದು ಇಟ್ಟಿಗೆಯಲ್ಲಿ ಬಿಗಿ ಮಾಡಿದರೆ ಇಟ್ಟಿಗೆಯೇ ಸೀಳುತ್ತದೆ. ಸಡಿಲವಾದ ತೂತಿಗೆ ಸಿಮೆಂಟ್ ಮೆತ್ತಿ ಮರುದಿನ ಅಲ್ಲೇ ಪ್ಲಗ್ ಹೊಡೆಯುವವರಿಗೆ ಏನು ಹೇಳಬೇಕೋ ತಿಳಿಯದು. ನಮ್ಮ ಸೋದರಮಾವನ ಮನೆಗೆ ಬಂದ ಹುಡುಗ ಡ್ರಿಲ್ಲನ್ನು ಬಡಿಯುತ್ತ ಕೊರೆಯುವ ಹ್ಯಾಮರ್ ಮೋಡಿಗೆ ತಿರುಗಿಸಿ ಶುರುಮಾಡಿದ. ಅಂಗೈಯಗಲ ಗಾರೆ ಕೆಳಗೆ ಬಿತ್ತು. ‘ಗೋಡೆ ಸರಿಯಿಲ್ಲ ಸಾರ್’ ಅಂದ.

ಹಾಗಾದರೆ ಮಾಡುವುದು ಹೇಗೆ? ಮೊದಲು ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ, ಜಾಗ ಬದಲಿಸಿ. ಹ್ಯಾಮರ್ ಬಂದ್ ಮಾಡಿ ಸಣ್ಣ ಬಿಟ್‌ನಿಂದ ಕೊರೆಯುತ್ತ ಪುಡಿ ನೋಡಿ. ಬಿಳಿ ಪುಡಿ ಬರುತ್ತಿರುವವರೆಗೆ ಇನ್ನೂ ಗಾರೆ. ಕೆಂಪು ಬಂದರೆ ಇಟ್ಟಿಗೆ ಎಂದು ಕುಣಿಯಬೇಡಿ, ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಹಾಕಿದ ಗಾರೆಯ ಪುಡಿಯೂ ಕೆಂಪಗಿರುತ್ತದೆ. ಬಿಟ್ ಒಂದೇ ಸಮನೆ ಬಿಗಿಯಾಗಿ ಹೋಗುತ್ತಿದ್ದರೆ ಇಟ್ಟಿಗೆ. ತಟ್ಟನೆ ಸಲೀಸಾದರೆ ಇಟ್ಟಿಗೆಗಳ ನಡುವಿನ ಸಂದು, ಒಂದು ಇಂಚು ಮೇಲೋ ಕೆಳಗೋ ಸರಿಯಬೇಕು.

ಆದರೆ ಬ್ರಾಕೆಟ್ಟಿನ ತೂತು ಸರಿಯುವುದಿಲ್ಲವಲ್ಲ! ಅದಕ್ಕೇ ನಾನು ಹಲಗೆ ಹಾಕಿ ಎನ್ನುವುದು. ಬ್ರಾಕೆಟ್ಟಿಗಿಂತ ಅಗಲವಾದ, ಎರಡು ಅಡಿ ಎತ್ತರದ ಗಟ್ಟಿಮರದ ಹಲಗೆಯನ್ನು, ಇಟ್ಟಿಗೆ ಎಲ್ಲಿ ಸಿಕ್ಕಿತೋ ಅಲ್ಲಲ್ಲಿ ಆರೆಂಟು ಸ್ಕ್ರೂ ಹೊಡೆದು ಕೂರಿಸಿ. ಬ್ರಾಕೆಟ್ಟನ್ನು ಹಲಗೆಗೆ ಬಿಗಿಯಿರಿ. ಮೇಲಿನ, ಕೆಳಗಿನ ಸ್ಕ್ರೂಗಳ ಅಂತರ 8 ಇಂಚಿನಿಂದ 20ಕ್ಕೆ ಏರುವುದರಿಂದ ಹೊರಕ್ಕೆ ಕೀಳುವ ಬಲವೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಪ್ಲಗ್ಗನ್ನು ಗಾರೆ ದಾಟಿಸಿ ಪೂರ್ತಿ ಇಟ್ಟಿಗೆಯೊಳಗೆ ತಳ್ಳಬೇಕು. ಸ್ಕ್ರೂವಿನ ಉದ್ದಕ್ಕೆ ಹಲಗೆಯ ದಪ್ಪ, ಗಾರೆಯ ದಪ್ಪ, ಪ್ಲಗ್ಗಿನ ಉದ್ದ ಮೂರನ್ನೂ ಕೂಡಿಸಿ. ಬಹಳ ಕಡೆ ಐದು ಇಂಚಿಗೆ ಬರುತ್ತದೆ. ತೂತಿನ ಪುಡಿ ಊದಿ ತೆಗೆಯುವುದನ್ನು ಮರೆಯಬೇಡಿ.

ಸಮಯ ಮುಗಿಯುತ್ತ ಬಂತು. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಪಕ್ಕಕ್ಕೆ ಕೊರೆಯಬೇಡಿ, ಮೇನ್ ಆಫ್ ಮಾಡಿಯೇ ಡ್ರಿಲ್ ಹಿಡಿಯಿರಿ; ಕರೆಂಟನ್ನು ಬೇರೆ ಕಡೆಯಿಂದ ಎಳೆದುಕೊಳ್ಳಿ ಅಥವಾ ಬ್ಯಾಟರಿ ಡ್ರಿಲ್ ತನ್ನಿ. ಎಷ್ಟು ಕೊರೆದರೂ ಬರೀ ಮಣ್ಣೇ ಬಂದರೆ ನಿಮ್ಮದು ಮಣ್ಣಿನ ಗೋಡೆ. ತೂತು ಮುಚ್ಚಿ, ಟಿವಿಯ ಜೊತೆ ಡಬ್ಬದಲ್ಲಿ ಬಂದ ಎರಡು ಕಾಲು ಹುಡುಕಿ ಜೋಡಿಸಿ, ಮೇಜಿನ ಮೇಲಿಡಿ.